ನೋಡದೆ ಊದಿದ ಸೀಟಿ

ಸೀಟಿಯ ಸದ್ದು ಕಿವಿಗೆ ಬಿದ್ದರೆ ಸುಯಮೀಂದ್ರನ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನೌಕರಿ ಮಾಡುವವನಿಗೆ ಇರಬಾರದ ಚಾಳಿ ಇದು. ಆದೋನಿ ಸ್ಟ್ಯಾಂಡಿನಲ್ಲಿ ರಿವರ್ಸಿಗೊಂದು ಸೀಟಿ, ರೈಟಿಗೊಂದು ಸೀಟಿ, ಟೀ ಅಂಗಡಿಯಲ್ಲಿ ಮೈಮರೆತ ಡ್ರೈವರನನ್ನು ಎಬ್ಬಿಸಲು ಇನ್ನೊಂದು. ಹನ್ನೊಂದು ವರ್ಷದಿಂದ ಅವನು ವಿಚಾರಣೆ ಕಿಟಕಿಯ ಹಿಂದೆ ಕೂತು, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಬಸ್ಸುಗಳನ್ನು ಮೈಕಿನಲ್ಲಿ ಕೂಗುತ್ತಿದ್ದ. ಪ್ರತಿ ಸೀಟಿಗೂ ಅರೆಗಳಿಗೆ ತಡೆದು ಮುಂದುವರಿಸುತ್ತಿದ್ದ. ಜನ ಅದು ಅವನ ಮಾತಿನ ಧಾಟಿ ಎಂದುಕೊಂಡಿದ್ದರು.

ನವೆಂಬರಿನ ಆ ಮಂಗಳವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಪಕ್ಕದ ಸಿಬ್ಬಂದಿ ವಿಶ್ರಾಂತಿ ಕೋಣೆಯಿಂದ ಬಂದ ಸೀಟಿ ಮಾತ್ರ ನಿಲ್ಲಲೇ ಇಲ್ಲ. ಎದೆಯಲ್ಲಿ ಉಸಿರಿರುವಷ್ಟು ಹೊತ್ತು ಊದಿದ ಸೀಟಿ. ಯಾರೋ ಬಸ್ಸಿನಡಿ ಸಿಕ್ಕರೆಂದು ಸುಯಮೀಂದ್ರ ಮೈಕ್ ಆರಿಸಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಒಳಗೆ ಬಸ್ಸೂ ಇರಲಿಲ್ಲ, ರಕ್ತವೂ ಇರಲಿಲ್ಲ. ಬೆಂಚಿನ ಮೇಲೆ ಒಬ್ಬ ಕಂಡಕ್ಟರಮ್ಮ ನಿಂತಿದ್ದಳು. ಸೀರೆಯ ಮೇಲೆ ಖಾಕಿ ಕೋಟು, ಹೆಗಲಲ್ಲಿ ಚೀಲ, ಬಾಯಲ್ಲಿ ಸೀಟಿ. ಟಿವಿಯಲ್ಲಿ ವಿಶ್ವಕಪ್ ಫುಟ್‌ಬಾಲ್, ಅರ್ಜೆಂಟೀನಾಕ್ಕೂ ಸೌದಿ ಅರೇಬಿಯಾಕ್ಕೂ. ಪರದೆಯ ತುಂಬ ಗೊಂಬೆಗಳಂಥ ಆಟಗಾರರು, ಅವರ ನಡುವೆ ಎಳೆದ ಒಂದು ಗೆರೆ.

"ಯಾರಿಗೇನಾತು?" ಎಂದ ಏದುಸಿರು ಬಿಡುತ್ತ.

"ಅರ್ಜೆಂಟೀನಾಕ್ಕ ಆತು ನೋಡ್ರಿ, ಸ್ವಾಮಿ," ಎಂದಳು ಆಕೆ ಸೀಟಿ ತೆಗೆದು. "ಹಾಕಿದ ಗೋಲು ಆಫ್‌ಸೈಡ್ ಅಂತ ಹೋತು. ಕಂಕುಳದಷ್ಟು ಮುಂದಿದ್ನಂತ. ಕಣ್ಣಿಗೆ ಕಾಣದ್ದು ವಿಡಿಯೋದಾಗ ಸಿಕ್ಕಿಬಿತ್ತು."

ಹಾಗೆಂದು ಅವನ ಬರಿಗಾಲನ್ನು ನೋಡಿದಳು. ಆಮೇಲೆ ಹಣೆಯ ಅಂಗಾರ, ಅಕ್ಷತೆ. ಆಮೇಲೆ ಮುಖದ ಗಾಬರಿ. ನಗು ತಡೆಯಲು ಮತ್ತೆ ಸೀಟಿಯನ್ನು ಬಾಯಿಗಿಟ್ಟುಕೊಂಡಳು, ಅದು ಪೀಂ ಎಂದು ಅವಳ ಮಾನ ಕಳೆಯಿತು. ಸುಯಮೀಂದ್ರನಿಗೂ ನಗು ಬಂತು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಅವಳ ಹೆಸರು ಗಾದಿಲಿಂಗಮ್ಮ. ಎಮ್ಮಿಗನೂರು ಡಿಪೋದವಳು, ವರ್ಷದ ಕೊನೆಯವರೆಗೆ ಆದೋನಿಗೆ ಡೆಪ್ಯುಟೇಷನ್ ಮೇಲೆ ಬಂದಿದ್ದಳು. ಹಾಲಹರವಿ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಅವಳದು. ಒಂದು ಟ್ರಿಪ್ ಮುಗಿಸಿ ಇನ್ನೊಂದಕ್ಕೆ ಹೊರಡುವ ನಡುವೆ ಸರಿಯಾಗಿ ಮೂರೂವರೆಗೆ ಒಂದು ಗಂಟೆ ಬಿಡುವು. ಆಟವೂ ಮೂರೂವರೆಗೇ. ಊರೆಲ್ಲ ಕ್ರಿಕೆಟ್ಟಿಗೆ ಪ್ರಾಣ ಬಿಡುವ ಕಡೆ ಈ ಕೋಣೆಯೊಂದೇ ಫುಟ್‌ಬಾಲಿನದು. ಅವಳ ಬಸ್ಸಿನ ಡ್ರೈವರ್ ದಸ್ತಗಿರಿ ಗುಂತಕಲ್ಲಿನ ರೈಲ್ವೆ ಮೈದಾನದಲ್ಲಿ ಆಡಿ ಬೆಳೆದವನು. ಮೆಕ್ಯಾನಿಕ್ ಮಾರೆಣ್ಣ ಯಾವ ಕಡೆಯವರು ಸೋಲುತ್ತಾರೋ ಅವರ ಕಡೆ. ಕಸಗುಡಿಸುವ ಬಸವಕ್ಕನಿಗೆ ಆಟ ಗೊತ್ತಿಲ್ಲ, ಜಗಳ ಗೊತ್ತು. ಹಾಕಿದ ಗೋಲನ್ನೂ ಮತ್ತೆ ನೋಡಿ ತೀರ್ಪು ಬದಲಿಸುವ ಆ ವಿಡಿಯೋ ರೆಫ್ರಿ ಬಂದಮೇಲೆ ಆಟಕ್ಕಿಂತ ಜಗಳವೇ ಹೆಚ್ಚಾಗಿ, ಅವಳಿಗೆ ಬಹಳ ಅನುಕೂಲವಾಗಿತ್ತು.

"ಗೋಲು ಹಾಕಿ ಕುಣಿಯೋಣ ಅಂದ್ರ ಮ್ಯಾಲಿಂದ ಪರ್ಮಿಷನ್ ಬರೋತನ ನಿಂದ್ರಬೇಕೇನು?" ದಸ್ತಗಿರಿ ಅಂದು ಟಿವಿಗೇ ಬೈದ. "ತಾಳಿ ಕಟ್ಟಿದ ಮ್ಯಾಲ, ಜರಾ ತಡೀರಿ, ಚೆಕ್ ಮಾಡಾಕತ್ತೀವಿ ಅಂದಂಗಾತು."

"ತಪ್ಪು ಮದಿವಿ ಆಗಿದ್ರ ತಡದ್ರ ಏನ್ ಲುಕ್ಸಾನು?" ಎಂದಳು ಗಾದಿಲಿಂಗಮ್ಮ. ದಸ್ತಗಿರಿ ಟಿವಿಯ ದನಿ ಏರಿಸಿದ. ಅವಳ ಮದುವೆ ಮೂರು ವರ್ಷಕ್ಕೆ ಮುರಿದದ್ದು ಅವನಿಗೆ ಗೊತ್ತಿತ್ತು.

"ನಮ್ಮ ಓಣಿ ನಳದ ಹತ್ರ ಒಂದು ಹಾಕಿಸ್ರಪ್ಪ ಅದನ್ನ," ಎಂದಳು ಬಸವಕ್ಕ, ಕಸಬರಿಗೆ ಊರಿ ನಿಂತು. "ಯಾರ ಕೊಡ ಮೊದಲಿತ್ತು ಅಂತ ದಿನಾ ಬಡದಾಡ್ತಾವು."

"ಸ್ವಾಮಿ ಏನಂತಾರ?" ಎಂದ ಮಾರೆಣ್ಣ.

ಸುಯಮೀಂದ್ರ ಬಾಗಿಲಲ್ಲೇ ನಿಂತಿದ್ದ. "ರೆಫ್ರಿನೂ ಮನುಷ್ಯಾನೇ ಅಲ್ರಿ. ತಪ್ಪೂ ಆಟದಾಗ ಸೇರಿದ್ದೇ ಅದ."

ಗಾದಿಲಿಂಗಮ್ಮ ತಿರುಗಿ ನೋಡಿದಳು. ಕಣ್ಣಲ್ಲಿ ಈಗ ನಗು ಇರಲಿಲ್ಲ. "ಖರೇ ಐತಿ. ಆದ್ರ ತಪ್ಪು ಮಾಡಿದಾವ ಮನಿಗೆ ಹೋಗಿ ಉಂತಾನ. ಅನುಭೋಗಿಸೋದು ಯಾರು ಅಂತ ಅದನ್ನೂ ಜರಾ ಹೇಳ್ರಿ."

ಅಷ್ಟರಲ್ಲಿ ಮಂತ್ರಾಲಯದ ಬಸ್ಸು ಬಂತು. ಸುಯಮೀಂದ್ರ ಕೂಗಲು ಓಡಿದ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಸುಯಮೀಂದ್ರ ತನ್ನ ಟೀ ವಿರಾಮವನ್ನು ಮೂರೂವರೆಗೆ ಬದಲಾಯಿಸಿಕೊಂಡ. ಹನ್ನೊಂದು ವರ್ಷದಲ್ಲಿ ಅವನು ಬದಲಾಯಿಸಿದ ಮೊದಲ ವೇಳೆ ಅದು. ಮೊದಲ ಎರಡು ದಿನ ಬಾಗಿಲಲ್ಲಿ ನಿಂತ, ಮೂರನೆಯ ದಿನ ಬೆಂಚಿನ ತುದಿಗೆ ಕೂತ. ವಾರ ತುಂಬುವ ಹೊತ್ತಿಗೆ ಇಬ್ಬರ ನಡುವೆ ಅವಳ ಚೀಲ ಇಡುವಷ್ಟೇ ಜಾಗ ಉಳಿದಿತ್ತು. ಚೀಲವನ್ನು ಅವಳು ಅಲ್ಲೇ ಇಡುತ್ತಿದ್ದಳು.

ಗಾದಿಲಿಂಗಮ್ಮ ಒಮ್ಮೆ ಎಲ್ಲರಿಗೂ ಈರುಳ್ಳಿ ಹಾಕಿದ ಮಂಡಕ್ಕಿ ಉಗ್ಗಾಣಿ, ಬಜ್ಜಿ ತರಿಸಿದಾಗ ಅವನು ಮುಟ್ಟಲಿಲ್ಲ. ಮರುದಿನ ಬಳ್ಳಾರಿಯಿಂದ ಬರುವಾಗ ಕೋಟಿನ ಜೇಬಲ್ಲಿ ಎರಡು ಪೇರಲಹಣ್ಣು ತಂದು ಅವನ ಮುಂದಿಟ್ಟಳು.

"ಇದರಾಗ ಉಳ್ಳಾಗಡ್ಡಿ ಹಾಕಿಲ್ಲ. ಚೆಕ್ ಮಾಡಿ ತಿನ್ರಿ."

"ಚೆಕ್ ಮಾಡೋದು ನಿಮ್ಮ ಪಾರ್ಟಿ. ನಾ ನೋಡಿದ್ದನ್ನ ನಂಬಾವ."

"ನೋಡಿದ್ದನ್ನ ನಂಬಾರು ಹಣ್ಣು ಬಿಟ್ಟು ನನ್ನ ಮಾರಿ ಯಾಕ ನೋಡಾಕತ್ತೀರಿ?"

ಮಾರೆಣ್ಣ ಕೆಮ್ಮಿದ. ಸುಯಮೀಂದ್ರ ಹಣ್ಣಿನ ಮೇಲೆ ಕಣ್ಣು ನೆಟ್ಟು, ಬೀಜ ಬಿಡದೆ ತಿಂದ.

ಅವನಿಗೆ ಮೂವತ್ತೊಂಬತ್ತು. ತಂದೆ ಎಂದೋ ಹೋಗಿದ್ದರು, ತಾಯಿ ತೀರಿಕೊಂಡು ಎರಡು ವರ್ಷ. ಅಕ್ಕ ಅಂಬೂಬಾಯಿ ಕರ್ನೂಲಿನಲ್ಲಿ ತನ್ನ ಸಂಸಾರದೊಳಗೆ. ದಿನವಿಡೀ ಸಾವಿರಾರು ಜನಕ್ಕೆ ಮೈಕಿನಲ್ಲಿ ಮಾತಾಡುವವನಿಗೆ ತಿರುಗಿ ಮಾತಾಡುವವರು ಒಬ್ಬರಿರಲಿಲ್ಲ. ಊಟದ ಹೊತ್ತಿಗೆ ಮಾತಾಡಬಾರದೆಂಬುದು ಅವರ ಮನೆಯ ನೇಮ. ಈಗ ನೇಮ ಮುರಿಯಬೇಕೆಂದರೂ ಎದುರಿಗೆ ಜನ ಬೇಕಲ್ಲ.

ಅವಳದೂ ಅದೇ ಪಾಡು. "ಬಸ್ ತುಂಬ ಜನ ಇರ್ತಾರ್ರಿ," ಎಂದಿದ್ದಳು ಒಮ್ಮೆ, ಯಾರೂ ಕೇಳದೆ. "ಎಲ್ಲರಿಗೂ ಎಲ್ಲಿ ಇಳೀತೀರಿ ಅಂತ ಕೇಳ್ತೀನಿ. ನಾ ಎಲ್ಲಿ ಇಳೀತೀನಿ ಅಂತ ಕೇಳಾರಿಲ್ಲ."

ಆ ಸಂಜೆ ಅವನು ಅಡುಗೆ ಮಾಡುವುದನ್ನೇ ಮರೆತು ಆ ಮಾತನ್ನು ಹಿಡಿದುಕೊಂಡು ಕೂತಿದ್ದ. ಪ್ರೀತಿ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ. ಆದರೆ ಪ್ರೀತಿಯೇ ಆಗಿತ್ತು.

ಡಿಸೆಂಬರ್ ಎರಡರಂದು ದಸ್ತಗಿರಿ ಫೋನಿನಲ್ಲಿ ಒಂದು ಫೋಟೋ ಹಿಡಿದುಕೊಂಡು ಬಂದ. ಹಿಂದಿನ ರಾತ್ರಿ ಜಪಾನಿನವರು ಸ್ಪೇನ್ ಮೇಲೆ ಹಾಕಿದ ಗೋಲು. ಹೊಡೆಯುವ ಮೊದಲು ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತೆಂದು ಪಕ್ಕದಿಂದ ನೋಡಿದರೆ ಯಾರಾದರೂ ಆಣೆ ಮಾಡುತ್ತಾರೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಮಾತ್ರ ಚೆಂಡಿನ ಅಂಚು ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದಿತ್ತು. ಲೋಕವೆಲ್ಲ ಅಂದು ಅದನ್ನೇ ದೊಡ್ಡದು ಮಾಡಿ ನೋಡುತ್ತಿತ್ತು.

"ಇದು ಮೋಸ," ಎಂದ ದಸ್ತಗಿರಿ. "ಕಣ್ಣಿಗೆ ಹೊರಗ ಕಾಣ್ತೈತಿ ಅಂದ್ರ ಹೊರಗ. ಹದ್ದಿನಂಗ ಮ್ಯಾಲಿಂದ ನೋಡಿದಾವಗ ಬ್ಯಾರೇ ನ್ಯಾಯವಾ?"

"ಮೋಸ ಅಲ್ಲ ಅಣ್ಣ, ನ್ಯಾಯಾನೇ ಇದು," ಎಂದಳು ಗಾದಿಲಿಂಗಮ್ಮ. ಫೋನನ್ನು ಅವನ ಕೈಯಿಂದ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. "ನನಗೂ ಇಂಥಾದ್ದೊಂದು ಫೋಟೋ ಇದ್ದಿದ್ರ..."

ಯಾರೂ ಕೆದಕಲಿಲ್ಲ. ತಾನೇ ಹೇಳಿದಳು. ಹದಿನಾರು ವರ್ಷದ ಹಿಂದೆ, ಇದೇ ಆದೋನಿಯ ಮುನ್ಸಿಪಲ್ ಮೈದಾನ. ಹಾಲಹರವಿಯ ಹುಡುಗಿಯರ ಟೀಮು, ಅವರ ಪಿ.ಟಿ. ಮೇಷ್ಟ್ರು ತಾನೇ ಕೈಯಿಂದ ದುಡ್ಡು ಹಾಕಿ ಕಟ್ಟಿದ್ದು. ಸೆಮಿಫೈನಲ್. ಗೆದ್ದವರಲ್ಲಿ ಇಬ್ಬರನ್ನು ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಆರಿಸುತ್ತಾರೆಂದು ಮಾತು. ಒಂದು ಗೋಲು ಹಿಂದಿದ್ದರು. ಇನ್ನೇನು ಮುಗಿಯಬೇಕು, ಗಾದಿಲಿಂಗಮ್ಮ ಹೊಡೆದಳು. ಚೆಂಡು ಕಂಬಕ್ಕೆ ಬಡಿದು ಗೆರೆ ದಾಟಿ ಬಿತ್ತು, ಗೋಲು ಕಾಯುವ ಗೋಲಿ ಹುಡುಗಿ ಒಳಗಿನಿಂದ ಎಳೆದುಕೊಂಡಳು.

"ಈ ಎರಡು ಕಣ್ಣಾರೆ ನೋಡೀನಿ. ರೆಫ್ರಿ ಸೀಟಿ ಊದಿ ಇಲ್ಲಂದ. ಬಡಕಲ ಹುಡುಗ, ಕೋಲಿಗೆ ಅಂಗಿ ಹಾಕಿದಂಗಿದ್ದ. ಆವತ್ತೇ ನಮ್ಮಪ್ಪ, ಆಟ ಸಾಕು ಅಂದ. ಆರು ತಿಂಗಳಿಗೆ ಗೋನೆಗಂಡ್ಲಕ್ಕ ಮದಿವಿ ಮಾಡಿ ಕೊಟ್ರು." ಫೋನು ಹಿಂತಿರುಗಿಸಿದಳು. "ಆ ರೆಫ್ರಿ ಎಲ್ಲ್ಯಾರ ಸಿಕ್ರ ಬೈಯಾದಿಲ್ಲ, ಬಡಿಯಾದಿಲ್ಲ. ಒಂದೇ ಮಾತು ಕೇಳ್ತೀನಿ. ಬಾಲು ಗೆರಿ ದಾಟಿತ್ತೋ ಇಲ್ಲೋ? ನನ್ನ ಮಾತು ಯಾರೂ ನಂಬಿಲ್ಲ. ಆವ ಒಬ್ಬ ಹೌದು ಅಂದ್ರ ಸಾಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಯಮೀಂದ್ರನ ಕೈ ತಾನಾಗಿ ತನ್ನ ಬೊಜ್ಜಿಗೂ, ಕೂದಲು ಹೋದ ನೆತ್ತಿಗೂ ಹೋಯಿತು. ಹದಿನಾರು ವರ್ಷದ ಹಿಂದೆ ಎರಡೂ ಬೇರೆ ಥರ ಇದ್ದವು. ಆ ಬಡಕಲ ಹುಡುಗ ಅವನೇ.

ಆಗ ಅವನಿಗೆ ಇಪ್ಪತ್ಮೂರು. ರೆಫ್ರಿ ಪರೀಕ್ಷೆ ಪಾಸಾಗಿ ಮೊದಲ ದೊಡ್ಡ ಪಂದ್ಯ. ಅಂದು ಏಕಾದಶಿ. ತಂದೆ ಕಟ್ಟಾ ಆಚಾರ್ಯರು, ಚೆಂಡಾಟ ಕಂಡರೆ ಆಗದು. ಉಪವಾಸಕ್ಕೆ ಭಂಗ ಬಾರದಂತೆ ಆಡಿಸಿ ಬರುತ್ತೇನೆಂದು ಮಾತು ಕೊಟ್ಟು ಬಂದಿದ್ದ. ಆದೋನಿಯ ಬಿಸಿಲು, ಹಿಂದಿನ ರಾತ್ರಿಯಿಂದ ಹನಿ ನೀರಿಲ್ಲ. ಹಳದಿ ಅಂಗಿಯ ಹುಡುಗಿ ಕಾಲೆತ್ತಿದ್ದು ಕಂಡಿತು. ಆಮೇಲೆ ಕಣ್ಣು ಕತ್ತಲಿಟ್ಟಿತು. ಎಷ್ಟು ಹೊತ್ತು? ಎರಡು ಉಸಿರು, ಮೂರು ಉಸಿರು. ಬೆಳಕು ಬಂದಾಗ ಚೆಂಡು ಗೋಲಿಯ ಕೈಯಲ್ಲಿತ್ತು, ಹುಡುಗಿಯರೆಲ್ಲ ಅವನತ್ತ ಓಡಿ ಬರುತ್ತಿದ್ದರು.

ನೋಡಲಿಲ್ಲ ಎನ್ನಬಹುದಿತ್ತು. ಲೈನ್ಸ್‌ಮನ್ನನ್ನು ಕೇಳಬಹುದಿತ್ತು. ತಲೆ ತಿರುಗಿತೆಂದರೆ ಮನೆಯಲ್ಲಿ ಆಟ ನಿಲ್ಲಿಸುತ್ತಾರೆ, ಮೈದಾನದಲ್ಲಿ ನಗುತ್ತಾರೆ. ಸೀಟಿ ಊದಿ, ಕೈ ಬೀಸಿ, ಇಲ್ಲ ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮತ್ತೆ ಅವನು ಮೈದಾನಕ್ಕೆ ಇಳಿಯಲಿಲ್ಲ. ಆಟ ಹೋಗಬಾರದೆಂದು ಹೇಳಿದ ಸುಳ್ಳೇ ಅವನ ಆಟವನ್ನು ತಿಂದಿತು.

ಎರಡು ದಿನಕ್ಕೆ ಏಕಾದಶಿ ಬಂತು. ಟೀ ಬೇಡವೆಂದ, ನೀರೂ ಬೇಡವೆಂದ.

"ಹನಿ ನೀರೂ ಇಲ್ಲ?" ಗಾದಿಲಿಂಗಮ್ಮ ಲೋಟ ಹಿಡಿದು ನಿಂತಳು. "ಮೈಕ್ ಮುಂದ ತಲಿ ತಿರುಗಿ ಬಿದ್ರ ಯಾರು ಹಿಡೀತಾರ?"

"ರೂಢಿ ಅದರಿ."

"ರೂಢಿ ಇದ್ದವ್ರಿಗೂ ಜೀವ ಒಂದೇ ಇರ್ತೈತಿ, ಸ್ವಾಮಿ." ಲೋಟವನ್ನು ಅವನ ಮೇಜಿನ ಮೇಲಿಟ್ಟು ಮೇಲೊಂದು ಕಾಗದ ಮುಚ್ಚಿದಳು. "ಇಲ್ಲೇ ಇರ್ಲಿ. ಕುಡೀಬ್ಯಾಡ್ರಿ. ಐತಿ ಅನ್ನೋ ಧೈರ್ಯಕ್ಕ."

ಅವಳು ಹೋದಮೇಲೆ ಸುಯಮೀಂದ್ರನ ಕಣ್ಣು ತುಂಬಿಬಂತು. ಅಂದು ಆ ಮೈದಾನದಲ್ಲಿ ಯಾರಾದರೂ ಹೀಗೊಂದು ಮಾತು ಕೇಳಿದ್ದರೆ ಎಂದುಕೊಂಡ. ಕೇಳುವವರು ಯಾರೂ ಇರಲಿಲ್ಲ.

ಮುಂದಿನ ವಾರ ಅವಳು ಕಿಟಕಿಯ ಹತ್ತಿರ ಬಂದು, ನೋಟವನ್ನು ಬಸ್ಸುಗಳ ಕಡೆ ಇಟ್ಟು ಹೇಳಿದಳು: "ತಿಂಗಳ ಆಖೈರಿಗೆ ಡೆಪ್ಯುಟೇಷನ್ ಮುಗೀತೈತಿ. ಇಲ್ಲೇ ಇರ್ತೀನಿ ಅಂದ್ರ ಹದಿನೈದರೊಳಗ ಅರ್ಜಿ ಕೊಡ್ಬೇಕಂತ."

"ಕೊಡ್ತೀರೇನು?"

"ಇರು ಅನ್ನಾರು ಯಾರಾರ ಇದ್ರ ಕೊಡಬೋದು." ಅಷ್ಟು ಹೇಳಿ ತಿರುಗಿ ನೋಡಿದಳು. ಆ ನೋಟದಲ್ಲಿ ಕೀಟಲೆ ಇತ್ತು, ಕೀಟಲೆಯ ಹಿಂದೆ ಬೇಡಿಕೆ ಇತ್ತು. ಅದನ್ನು ಕಾಣದಷ್ಟು ದಡ್ಡನಲ್ಲ ಅವನು.

ಇರಿ ಎನ್ನಲು ನಾಲಿಗೆಯ ತುದಿಗೆ ಬಂತು. ಆದರೆ ತಾನು ಯಾರೆಂದು ಹೇಳದೆ ಇರಿ ಎನ್ನುವುದು ಹೇಗೆ? ಹೇಳಿದರೆ ಇರುತ್ತಾಳೆಯೇ? ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇನ್ನೊಂದು ದಾರಿಯೂ ಇತ್ತು, ಅದೇ ಹೆಚ್ಚು ಕಾಡಿತು. ಆ ರೆಫ್ರಿ ನಾನೇ, ಚೆಂಡು ದಾಟಿತ್ತು, ನೋಡಿದ್ದೆ, ಹೆದರಿ ಇಲ್ಲವೆಂದೆ ಎಂದು ಕಾಲು ಹಿಡಿದರೆ? ಅವಳು ಹದಿನಾರು ವರ್ಷದಿಂದ ಕೇಳುತ್ತಿರುವುದು ಅದೊಂದೇ ಮಾತು. ಆ ಮಾತಿಗಾಗಿ ಎಲ್ಲವನ್ನೂ ಕ್ಷಮಿಸಿಯಾಳು. ಸುಳ್ಳೆಂದು ತೋರಿಸುವ ವಿಡಿಯೋ ಲೋಕದಲ್ಲಿಲ್ಲ.

ಹದಿಮೂರನೆಯ ತಾರೀಖು ಅವನು ರಜೆ ಹಾಕಿದ. ಬೆಳಿಗ್ಗೆ ಹತ್ತರ ಹಾಲಹರವಿ ಬಸ್ಸು ಹತ್ತಿದ. ಕಂಡಕ್ಟರ್ ಸೀಟಿನ ಪಕ್ಕವೇ ಕೂತ.

"ಸ್ವಾಮಿ! ಮೈಕ್ ಬಿಟ್ಟು ಬಂದೀರಲ್ಲ, ಇವತ್ತು ಬಸ್ಸಿಗೆಲ್ಲ ದಾರಿ ತಿಳೀತೈತೇನು?" ಎಂದಳು ಟಿಕೆಟ್ ಹರಿಯುತ್ತ. "ಎಲ್ಲಿಗೆ?"

"ಹಾಲಹರವಿ. ನಿಮ್ಮ ಜೋಡಿ ಮಾತಾಡೋದದ."

ಅವಳ ಕಿವಿ ಕೆಂಪಾಯಿತು. ಕೋಟಿನ ಗುಂಡಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿಕೊಂಡಳು. ಆಲೂರು ದಾಟುವವರೆಗೂ ಪ್ರತಿ ಸ್ಟಾಪಿನಲ್ಲೂ ಅವಳ ಸೀಟಿ ಅಂದು ಹಾಡಿನಂತಿತ್ತು. ಕನ್ನಡಿಯಲ್ಲಿ ದಸ್ತಗಿರಿ ಮೀಸೆಯೊಳಗೆ ನಗುತ್ತಿದ್ದ. ಎರಡೂ ಕಡೆ ಹತ್ತಿ ಹೊಲ, ಬಿಡಿಸುವ ಹೆಂಗಸರು. ಸುಯಮೀಂದ್ರ ಜೀವಮಾನದಲ್ಲೇ ಅಷ್ಟು ಚಂದದ ಪ್ರಯಾಣ ಮಾಡಿರಲಿಲ್ಲ, ಅಷ್ಟು ಸಂಕಟದ್ದನ್ನೂ ಮಾಡಿರಲಿಲ್ಲ.

ಹಾಲಹರವಿಯಲ್ಲಿ ಹತ್ತು ನಿಮಿಷ ನಿಲುಗಡೆ. ಜನ ಇಳಿದರು. ಬೇವಿನ ಮರದ ಕೆಳಗೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಿಂತಳು.

"ಹೇಳ್ರಿ. ಅದೇನು ಬಸ್ ಹತ್ತಿ ಬಂದು ಹೇಳೋ ಮಾತು?"

"ಗಾದಿಲಿಂಗಮ್ಮಾರೆ, ಆ ರೆಫ್ರಿ ನಾನೇ."

ಅವಳು ನಕ್ಕಳು. "ಚಾಷ್ಟಿ ಮಾಡಬ್ಯಾಡ್ರಿ."

"ಹಳದಿ ಅಂಗಿ. ಎಂಟನೇ ನಂಬರು. ಎಡಗಾಲಿಗೆ ಬಿಳೀ ಪಟ್ಟಿ ಕಟ್ಟಿದ್ರಿ. ನಾ ಸೀಟಿ ಊದಿದಾಗ ಎಲ್ಲಾರೂ ಬೈದ್ರು, ನೀವೊಬ್ಬರು ಬೈಲಿಲ್ಲ. ಸುಮ್ಮನ ನನ್ನ ನೋಡಿದ್ರಿ."

ನಗು ಮುಖದಲ್ಲೇ ಆರಿತು. ಇವನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಅವನ ಮುಖವನ್ನು ಹೊಸದಾಗಿ ನೋಡಿದಳು, ಬೊಜ್ಜು, ಬೋಳು, ಅಂಗಾರ ಎಲ್ಲವನ್ನೂ ಸರಿಸಿ ಒಳಗಿನ ಬಡಕಲ ಹುಡುಗನನ್ನು ಹುಡುಕುವವಳಂತೆ. ಸಿಕ್ಕಿದನೆಂದು ಕಾಣುತ್ತದೆ. ದನಿ ಇಳಿಯಿತು.

"ಬಾಲು ಗೆರಿ ದಾಟಿತ್ತೇನು?"

ಹೌದು ಎಂದರೆ ಮುಗಿಯಿತು. ಅವಳ ಕಣ್ಣು ಅದನ್ನೇ ಬೇಡುತ್ತಿತ್ತು.

"ಗೊತ್ತಿಲ್ಲ," ಎಂದ. "ನಾ ನೋಡ್ಲಿಲ್ಲ. ಏಕಾದಶಿ ಇತ್ತು, ಕಣ್ಣು ಕತ್ತಲಿಟ್ಟಿತ್ತು. ಕಣ್ಣು ತೆರೆಯೋದ್ರಾಗ ಬಾಲು ಗೋಲಿ ಕೈಯಾಗಿತ್ತು. ನೋಡಿಲ್ಲ ಅನ್ಲಿಕ್ಕೆ ಧೈರ್ಯ ಇಲ್ಲದ ಇಲ್ಲ ಅಂದುಬಿಟ್ಟೆ."

ದಸ್ತಗಿರಿ ಎಂಜಿನ್ ಶುರು ಮಾಡಿದ.

"ದಾಟಿತ್ತು ಅಂದಿದ್ರ ನಾ ನಂಬ್ತಿದ್ದೆ."

"ಗೊತ್ತದ."

"ಮತ್ತ ಯಾಕನ್ಲಿಲ್ಲ?"

"ಒಮ್ಮೆ ನೋಡದ ಹೇಳಿ ನಿಮ್ಮ ಬಾಳು ಹಾಳು ಮಾಡೀನಿ. ಎರಡನೇ ಸಲ ನಾಲಿಗಿ ಏಳ್ಲಿಲ್ಲ."

ಅವಳು ಬಸ್ಸಿನ ಕಡೆ ನಡೆದಳು. ಅದು ಬಳ್ಳಾರಿಗೆ ಹೋಗುವ ಬಸ್ಸು. ಸುಯಮೀಂದ್ರ 'ಇರಿ' ಎನ್ನಲೇ ಇಲ್ಲ. ರೈಟ್ ಎಂದು ಕೂಗದೆ, ಅವಳು ಬಾಗಿಲನ್ನು ಎರಡು ಸಲ ಬಡಿದಳು. ಬಸ್ಸು ಹೋಯಿತು. ಅವನು ಬೇವಿನ ಮರದ ಕೆಳಗೆ ಒಂದೂವರೆ ಗಂಟೆ ನಿಂತು, ಬೇರೆ ಬಸ್ಸಿನಲ್ಲಿ ಆದೋನಿಗೆ ಬಂದ.

ಮರುದಿನ ಮೂರೂವರೆಗೆ ಬೆಂಚು ಖಾಲಿ ಇತ್ತು. ಅವಳು ಬಿಡುವಿನ ಗಂಟೆಯನ್ನು ಬಸ್ಸಿನಲ್ಲೇ ಕಳೆಯತೊಡಗಿದ್ದಳು. ಕಿಟಕಿಯ ಗಾಜಿಗೆ ತಲೆಯಾನಿಸಿ ಕೂತದ್ದು ಅವನ ಕುರ್ಚಿಯಿಂದಲೇ ಕಾಣುತ್ತಿತ್ತು. ನಡುವೆ ನಲವತ್ತು ಹೆಜ್ಜೆ. ಹೋಗಿ ಮಾತಾಡಲು ಅವನಿಗೆ ಯಾವ ಹಕ್ಕಿತ್ತು? ಅವಳಿಗೆ ಅವನು ಹೇಳಬಹುದಾದದ್ದು ದಿನಕ್ಕೆರಡು ಸಲ ಮೈಕಿನಲ್ಲಿ ಹೇಳುವುದಷ್ಟೇ: "ಹಾಲಹರವಿ ಮೀದುಗಾ ಬಳ್ಳಾರಿ ವೆಳ್ಳು ಬಸ್ಸು, ಮೂಡೋ ಪ್ಲಾಟ್‌ಫಾರಂ." ಆಮೇಲೆ ಅದನ್ನೇ ಕನ್ನಡದಲ್ಲಿ, ಹಾಲಹರವಿ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು, ಮೂರನೆಯ ಪ್ಲಾಟ್‌ಫಾರಂ. ಆ ವಾರ ಅವನು ಎರಡನ್ನೂ ಅಷ್ಟು ಮೆತ್ತಗೆ ಹೇಳಿದನೆಂದರೆ ಇಬ್ಬರು ಪ್ರಯಾಣಿಕರು ಬಸ್ಸು ತಪ್ಪಿಸಿಕೊಂಡು ಬಂದು ಜಗಳ ತೆಗೆದರು.

ಹದಿನೈದು ಬಂತು, ಹೋಯಿತು. ಅರ್ಜಿ ಕೊಟ್ಟಳೇ ಎಂದು ಕೇಳುವ ಧೈರ್ಯವಾಗಲಿಲ್ಲ. "ಕೊಟ್ಟಿಲ್ಲ," ಎಂದು ಬಸವಕ್ಕ ತಾನಾಗಿಯೇ ಹೇಳಿ, ಅವನ ಮುಖ ನೋಡಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಅವನು ಮನೆಗೆ ಹೋಗಿ ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆದು ಮಲಗಿದ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎಂದವರು ಯಾರೋ. ಅವನ ಎದೆ ಹಗುರಾಗಲಿಲ್ಲ.

ಫೈನಲ್ ಭಾನುವಾರ. ಆಟ ಎಂಟೂವರೆಗೆ ಇದ್ದರೂ ದಸ್ತಗಿರಿ, ಮಾರೆಣ್ಣ ಐದಕ್ಕೇ ಕುರ್ಚಿ ಸಾಲು ಹಾಕುತ್ತ, ಇವತ್ತು ವಿಡಿಯೋ ಮಿಷಿನ್ ಯಾರ ಬಾಯಿಗೆ ಮಣ್ಣು ಹಾಕುತ್ತದೆಂದು ವಾದ ಹೂಡಿದ್ದರು. ಸುಯಮೀಂದ್ರ ಕಿಟಕಿಯ ಹಿಂದೆ ಪಟ್ಟಿ ಬರೆಯುತ್ತಿದ್ದ. ಗಾಜಿನ ಆಚೆ ಖಾಕಿ ಕೋಟು ಬಂದು ನಿಂತಿತು.

"ಒಂದು ವಿಚಾರಣೆ ಐತಿ," ಎಂದಳು ಗಾದಿಲಿಂಗಮ್ಮ.

ಅವನು ಪೆನ್ನು ಕೆಳಗಿಟ್ಟ.

"ನಿಮ್ಮ ಮ್ಯಾಲ ಸಿಟ್ಟೈತಿ ಅಂತ ತಿಳಕಂಡೀರಿ. ಮೊದಲನೇ ದಿವಸ ಇತ್ತು. ಆಮ್ಯಾಲ ಸಿಟ್ಟಲ್ಲ ಅದು, ನಾಚಿಕಿ." ಸೀಟಿಯ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾನೂ ನೋಡಿಲ್ರಿ."

"ಏನು?"

"ಬಾಲು. ಒದ್ದ ಜೋರಿಗೆ ಬೋರಲು ಬಿದ್ದಿದ್ದೆ. ಕಣ್ಣು, ಬಾಯಿ ಎಲ್ಲಾ ಮಣ್ಣು. ಹುಡುಗೇರು ಗೋಲು ಅಂತ ಚೀರಿದ್ರು, ನಾನೂ ಎದ್ದು ಕೈ ಎತ್ತಿದೆ. ಹದಿನಾರು ವರ್ಷ ಎಲ್ಲಾರ ಮುಂದ ಕಣ್ಣಾರೆ ನೋಡೀನಿ, ಕಣ್ಣಾರೆ ನೋಡೀನಿ ಅಂತ ಹೇಳಿ ಹೇಳಿ ನನಗೂ ಖರೇ ಆಗಿಬಿಟ್ಟಿತ್ತು. ನೀವು ನೋಡಿಲ್ಲ ಅಂದಾಗ ನೆನಪಾತು." ಅವಳ ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ. "ನೀವು ನೋಡದ ಇಲ್ಲ ಅಂದ್ರಿ. ನಾ ನೋಡದ ಹೌದು ಅಂದೆ. ನಿಮಗೊಬ್ಬರಿಗೇ ಯಾಕ ಬೈಬೇಕು?"

ಒಳಗಿನಿಂದ ದಸ್ತಗಿರಿಯ ದನಿ ಏರಿತು. ಮಾರೆಣ್ಣನದು ಅದಕ್ಕಿಂತ ಏರಿತು. ಗಾಜಿನ ನಡುವಿನ ಸಣ್ಣ ತೂತಿನ ಹತ್ತಿರ ಸುಯಮೀಂದ್ರ ಬಾಗಿದ.

"ಅರ್ಜಿ ಕೊಟ್ಟಿಲ್ಲಂತಲ್ಲ."

"ಇಲ್ಲ. ಒಂದನೇ ತಾರೀಖಿಗೆ ಎಮ್ಮಿಗನೂರು."

"ಅವತ್ತು ಹಾಲಹರವಿಗೆ ಹೇಳ್ಲಿಕ್ಕೆ ಬಂದಿದ್ದು ಎರಡು ಮಾತಿತ್ತು. ಒಂದೇ ಹೇಳಿದೆ." ಅವನ ದನಿ ನಡುಗಿತು. ಹನ್ನೊಂದು ವರ್ಷ ಮೈಕ್ ಹಿಡಿದ ದನಿ ಅದು. "ನನ್ನ ಮದುವಿ ಆಗ್ತೀರೇನು?"

ಅವಳು ಗಾಜಿನ ಆಚೆಯಿಂದ ನೇರವಾಗಿ ನೋಡಿದಳು. ತಪ್ಪಿಸಿಕೊಳ್ಳಲು ಅವನಿಗೆ ಜಾಗವಿರಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ.

"ನಿಮ್ಮ ಮನ್ಯಾಗ ಏನಂತಾರ?"

"ಮನ್ಯಾಗ ನಾನೊಬ್ಬನೇ ಇರೋದು. ಕರ್ನೂಲಿನ ಅಕ್ಕ ಬೈತಾಳ. ಬೈಸಿಕೊಳ್ತೀನಿ."

"ನಾ ಉಳ್ಳಾಗಡ್ಡಿ ತಿಂತೀನಿ."

"ತಿನ್ರಿ."

"ಎಮ್ಮಿಗನೂರು ಬಿಟ್ಟು ಬರಾಕ ಇನ್ನೊಂದು ವರ್ಷ ಆದ್ರೂ ಬೇಕು. ಅಲ್ಲೀತನ ಹಿಂಗ. ನೀವು ಇಲ್ಲಿ, ನಾ ಅಲ್ಲಿ."

"ಅರ್ಧ ತಾಸಿಗೊಂದು ಬಸ್ಸದ," ಎಂದ ವಿಚಾರಣೆಯ ಗುಮಾಸ್ತ. "ವೇಳೆ ಎಲ್ಲಾ ನನಗ ಬಾಯಿಪಾಠ ಅದ."

ಆಗ ಅವಳು ನಕ್ಕಳು. ಅಳುತ್ತಲೇ ನಕ್ಕಳು.

"ಆತು," ಎಂದಳು.

"ಹಂಗ ಅವಸರ ಮಾಡಬ್ಯಾಡ್ರಿ. ವಿಚಾರ ಮಾಡಿ, ನಿಧಾನಕ್ಕ..."

"ಆ ಗೋಲು ನಾ ನೋಡಿಲ್ಲ, ಸ್ವಾಮಿ. ನಿಮ್ಮನ್ನ ನೋಡೀನಿ. ಸುಳ್ಳು ಹೇಳಿದ್ರ ನಾ ಸಿಗ್ತಿದ್ದೆ ಅಂತ ಗೊತ್ತಿದ್ದೂ ಹೇಳ್ಲಿಲ್ಲ, ಅದನ್ನ ಈ ಎರಡು ಕಣ್ಣಾರೆ ನೋಡೀನಿ."

ಮೂರನೆಯ ಪ್ಲಾಟ್‌ಫಾರಮ್ಮಿನಲ್ಲಿ ದಸ್ತಗಿರಿಯ ಬದಲಿಗೆ ಬಂದ ಡ್ರೈವರ್ ಹಾರ್ನ್ ಹೊಡೆದ. ಅವಳು ಅಂಗೈಯನ್ನು ಒಮ್ಮೆ ಗಾಜಿಗೆ ಒತ್ತಿ, ಚೀಲ ಸರಿಪಡಿಸಿಕೊಂಡು ಹೊರಟಳು. ಸುಯಮೀಂದ್ರ ಮೈಕ್ ಹಾಕಿ, ಗಂಟಲು ಸರಿಮಾಡಿಕೊಂಡು, ಹಾಲಹರವಿ ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಹೊರಡುತ್ತಿದೆಯೆಂದು ಮೊದಲು ಕನ್ನಡದಲ್ಲಿ ಹೇಳಿದ, ತೆಲುಗನ್ನು ಆಮೇಲೆ ಹೇಳಿದ. ಬಸ್ಸು ಗೇಟು ದಾಟಿತು. ಅವಳು ತಿರುಗಿ ಬರುವ ಹೊತ್ತಿಗೆ ಆಟ ಅರ್ಧ ಮುಗಿದಿರುತ್ತದೆ. ಅವನು ಒಳಗೆ ಹೋಗಿ, ತನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಟ್ಟು ಬಂದ.